ಅಲ್ ಫಾಶಿರ್‌ನಿಂದ ನಮ್ಮವರು ಬಂದರು, ಆಮೇಲೆ?

2023ರ ಏಪ್ರಿಲ್ ತಿಂಗಳು ನೆನಪಿದೆಯಾ? ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆಯ ಕಾವು. ರಮಝಾನ್‌ನ ಕೊನೆಯ ದಿನಗಳು. ಅದರ ನಡುವೆ ಒಂದು ಸುದ್ದಿ ಬಂತು. ಹಕ್ಕಿಪಿಕ್ಕಿ ಸಮುದಾಯದ ನಮ್ಮ ಜನ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಿ ನಾಲ್ಕು ಕಾಸು ಸಂಪಾದಿಸಲು ಅಷ್ಟು ದೂರ ಹೋದವರು. ಅನ್ನ ಇಲ್ಲ, ನೀರಿಲ್ಲ, ಹೊರಗೆ ಗುಂಡಿನ ಸದ್ದು ಅಂತ ಅವರು ಫೋನಿನಲ್ಲಿ ಹೇಳಿಕೊಂಡದ್ದನ್ನು ನಾವೆಲ್ಲ ಕೇಳಿದೆವು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ, 31 ಮಂದಿಯನ್ನು ಕರೆತನ್ನಿ ಎಂದು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಇದರಲ್ಲಿ ರಾಜಕೀಯ ಬೇಡ ಎಂದು ಸಿಟ್ಟಿನಿಂದಲೇ ಉತ್ತರ ಕೊಟ್ಟರು. ಟಿವಿಗಳಿಗೆ ಹಬ್ಬ.

ಆದರೆ ಕೆಲಸ ಆಯಿತು. ಏಪ್ರಿಲ್ 24ಕ್ಕೆ ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಘೋಷಿಸಿತು. ಬಸ್ಸಿನಲ್ಲಿ ಪೋರ್ಟ್ ಸುಡಾನ್ ತನಕ, ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜಿದ್ದಾಕ್ಕೆ, ಜಿದ್ದಾದಿಂದ ಊರಿಗೆ. ಮೇ ಮೊದಲ ವಾರ ಮುಗಿಯುವಷ್ಟರಲ್ಲಿ 3,862 ಮಂದಿ ಅಲ್ಲಿಂದ ಹೊರಬಂದಿದ್ದರು. ಇದನ್ನು ಮೆಚ್ಚಲೇಬೇಕು.

ನಮ್ಮ ಪಾಲಿಗೆ ಸುಡಾನ್ ಸುದ್ದಿ ಅಲ್ಲಿಗೆ ಮುಗಿಯಿತು. ಅಷ್ಟಕ್ಕೂ ಆ ಹಕ್ಕಿಪಿಕ್ಕಿ ಜನರಲ್ಲಿ ಕೆಲವರು ಸಿಕ್ಕಿಹಾಕಿಕೊಂಡಿದ್ದ ಊರು ಯಾವುದು ಗೊತ್ತಾ? ಅಲ್ ಫಾಶಿರ್. ದೇಶದ ಪಶ್ಚಿಮಕ್ಕೆ, ದಾರ್ಫುರ್ ಪ್ರಾಂತ್ಯದ ದೊಡ್ಡ ಪಟ್ಟಣ. ಒಂದು ಕಾಲಕ್ಕೆ ದಾರ್ಫುರ್ ಸುಲ್ತಾನರ ರಾಜಧಾನಿ. ನಮ್ಮವರಿಂದ ಎಣ್ಣೆ ಕೊಂಡ ಗಿರಾಕಿಗಳು ಅಲ್ಲೇ ಉಳಿದರು. ಅವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ. 2024ರ ಬೇಸಿಗೆಯಿಂದ ಆ ಊರಿಗೆ ಮುತ್ತಿಗೆ ಬಿತ್ತು. ಒಂದೂವರೆ ವರ್ಷ ಕಾಳು ಕಡಿ ಒಳಗೆ ಹೋಗದಂತೆ ತಡೆದರು. ಜನ 'ಅಂಬಾಜ್' ತಿಂದರು. ಅಂಬಾಜ್ ಅಂದ್ರೆ ಬೇರೇನೂ ಅಲ್ಲ, ನಾವು ಎಮ್ಮೆ ದನಗಳಿಗೆ ಹಾಕುತ್ತೇವಲ್ಲ, ಆ ಶೇಂಗಾ ಹಿಂಡಿ. 2025ರ ಅಕ್ಟೋಬರ್ 26ರಂದು ಊರು ಬಿತ್ತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿ ಕೊಲೆಯಾದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಜಗತ್ತಿನ ಬಳಿ ವಿಶ್ವಸಂಸ್ಥೆ ಇದೆ. ಶಾಂತಿಪಡೆ ಇದೆ. ಅಂತಾರಾಷ್ಟ್ರೀಯ ನ್ಯಾಯಾಲಯಗಳಿವೆ. ಮಾನವ ಹಕ್ಕು ಮಂಡಳಿ ಇದೆ. ಇವೆಲ್ಲವೂ ಸುಡಾನ್‌ನಲ್ಲಿ ಕೆಲಸ ಮಾಡಿವೆ. ಹಾಗಾದರೆ ಅಲ್ ಫಾಶಿರ್ ಯಾಕೆ ಹೀಗಾಯಿತು? ಒಂದೊಂದಾಗಿ ನೋಡೋಣ.

ಮೊದಲು ಜಗಳ ಯಾರ ನಡುವೆ ಅಂತ ತಿಳಿಯಬೇಕು. ಒಂದು ಕಡೆ ಸುಡಾನ್ ಸೈನ್ಯ. ಅದರ ಮುಖ್ಯಸ್ಥ ಅಬ್ದುಲ್ ಫತ್ತಾಹ್ ಅಲ್ ಬುರ್‌ಹಾನ್. ಇನ್ನೊಂದು ಕಡೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ. ಅದರ ಮುಖ್ಯಸ್ಥ ಮುಹಮ್ಮದ್ ಹಮ್ದಾನ್ ದಗಲೋ. ಜನ ಅವನನ್ನು ಹೆಮೆದ್ತಿ ಅನ್ನುತ್ತಾರೆ. ಇವರಿಬ್ಬರೂ ಮೊದಲು ಜೊತೆಯಲ್ಲೇ ಇದ್ದವರು. ಮೂವತ್ತು ವರ್ಷ ಆಳಿದ ಉಮರ್ ಅಲ್ ಬಶೀರ್ 2019ರ ಏಪ್ರಿಲ್‌ನಲ್ಲಿ ಜನರ ಚಳವಳಿಯ ಒತ್ತಡಕ್ಕೆ ಬಿದ್ದ. ಬೀದಿಗಿಳಿದ ಯುವಕರು, ಅದರಲ್ಲೂ ಹೆಣ್ಣುಮಕ್ಕಳು ಕೇಳಿದ್ದು ಜನರ ಸರ್ಕಾರ. ಸಿಕ್ಕಿದ್ದು ಸೈನಿಕರು ಮತ್ತು ನಾಗರಿಕರು ಸೇರಿದ ಮಧ್ಯಂತರ ಸರ್ಕಾರ. 2021ರ ಅಕ್ಟೋಬರ್‌ನಲ್ಲಿ ಈ ಇಬ್ಬರು ಸೇನಾಧಿಕಾರಿಗಳು ಸೇರಿಯೇ ಅದನ್ನೂ ಉರುಳಿಸಿದರು. ಆಮೇಲೆ ಆರ್‌ಎಸ್‌ಎಫ್ ಅನ್ನು ಸೈನ್ಯದೊಳಗೆ ಸೇರಿಸುವುದು ಯಾವಾಗ, ಯಾರ ಕೈಕೆಳಗೆ ಎಂಬ ಪ್ರಶ್ನೆ ಬಂತು. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲೇ ಗುಂಡು ಹಾರಿತು. ಧರ್ಮದ ಪ್ರಶ್ನೆ ಇಲ್ಲಿಲ್ಲ. ಎರಡೂ ಕಡೆಯವರು ಅದೇ ಕಿಬ್ಲಾಕ್ಕೆ ಮುಖ ಮಾಡುವವರು. ಅಧಿಕಾರ, ಚಿನ್ನದ ಗಣಿ ಮತ್ತು ಬಂದೂಕು ಯಾರದ್ದು ಎಂಬುದಷ್ಟೇ ಜಗಳ.

ಈಗ ಶಾಂತಿಪಡೆಯ ವಿಷಯ. ದಾರ್ಫುರ್‌ನಲ್ಲಿ 2003ರಲ್ಲಿ ಬಂಡಾಯ ಎದ್ದಾಗ ಬಶೀರ್ ಸರ್ಕಾರ ಜಂಜಾವೀದ್ ಎಂಬ ಕುದುರೆ ಸವಾರರ ಗುಂಪಿಗೆ ಬಂದೂಕು ಕೊಟ್ಟಿತು. ಫುರ್, ಮಸಾಲಿತ್, ಝಘಾವಾ ಬುಡಕಟ್ಟುಗಳ ಹಳ್ಳಿಗಳು ಸುಟ್ಟುಹೋದವು. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ ಸುಮಾರು ಮೂರು ಲಕ್ಷ ಜನ ಸತ್ತರು. 2007ರ ಜುಲೈಯಲ್ಲಿ ಭದ್ರತಾ ಮಂಡಳಿ ಮತ್ತು ಆಫ್ರಿಕನ್ ಒಕ್ಕೂಟ ಸೇರಿ 'ಯುನಾಮಿಡ್' ಎಂಬ ಪಡೆಯನ್ನು ಕಳಿಸಲು ತೀರ್ಮಾನಿಸಿದವು. ಸೈನಿಕರು ಪೊಲೀಸರು ಸೇರಿ 26 ಸಾವಿರ ಮಂದಿಗೆ ಮಂಜೂರಾತಿ. ಅದರ ಮುಖ್ಯ ಕಚೇರಿ ಇದ್ದದ್ದು ಇದೇ ಅಲ್ ಫಾಶಿರ್‌ನಲ್ಲಿ.

ಈ ಪಡೆ ಪರಿಪೂರ್ಣವಾಗಿತ್ತು ಅಂತ ಯಾರೂ ಹೇಳುವುದಿಲ್ಲ. ಖಾರ್ಟೂಮ್ ಒಪ್ಪದೆ ಒಂದು ಗಸ್ತು ಹೊರಡುವುದೂ ಕಷ್ಟವಾಗಿತ್ತು. ಬೇಕಾದಷ್ಟು ಹೆಲಿಕಾಪ್ಟರ್‌ಗಳನ್ನು ಯಾವ ದೇಶವೂ ಕೊಡಲಿಲ್ಲ. ಆದರೂ ಓಡಿಬಂದ ಜನ ಗುಡಿಸಲು ಕಟ್ಟಿಕೊಂಡದ್ದು ಈ ಪಡೆಯ ಬೇಲಿಯ ಪಕ್ಕದಲ್ಲೇ. ನೀಲಿ ಹೆಲ್ಮೆಟ್ ಕಣ್ಣಿಗೆ ಬಿದ್ದರೆ ರಾತ್ರಿ ಬರುವವನು ಒಮ್ಮೆ ಯೋಚಿಸುತ್ತಾನೆ ಎಂಬ ಧೈರ್ಯ.

2020ರ ಡಿಸೆಂಬರ್ 31ಕ್ಕೆ ಯುನಾಮಿಡ್ ಅವಧಿ ಮುಗಿಯಿತು. ಹೊಸ ಮಧ್ಯಂತರ ಸರ್ಕಾರಕ್ಕೆ ಅದು ಬೇಡವಾಗಿತ್ತು. ದುಡ್ಡು ಕೊಡುವ ದೇಶಗಳಿಗೆ ಉಳಿತಾಯ ಬೇಕಾಗಿತ್ತು. ಶಿಬಿರಗಳಲ್ಲಿದ್ದ ಜನರು ಮಾತ್ರ ಹೋಗಬೇಡಿ ಅಂತ ಧರಣಿ ಕೂತರು. ಅವರ ಮಾತು ಯಾರಿಗೆ ಬೇಕು? ಎರಡು ವಾರ ಕಳೆಯುವಷ್ಟರಲ್ಲಿ ಅಲ್ ಜುನೈನಾ ಪಟ್ಟಣದಲ್ಲಿ ನೂರಕ್ಕೂ ಹೆಚ್ಚು ಜನ ಕೊಲೆಯಾದರು. ಮರುವರ್ಷದ ಡಿಸೆಂಬರ್‌ನಲ್ಲಿ ಅಲ್ ಫಾಶಿರ್‌ನ ಆ ಹಳೆಯ ನೆಲೆಯನ್ನೇ ಲೂಟಿ ಮಾಡಿದರು. ಕಾವಲುಗಾರನನ್ನು ಕಳಿಸಿದ ಮೇಲೆ ಬಾಗಿಲು ಯಾರು ಕಾಯುತ್ತಾರೆ ಎಂಬುದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಪಡೆಯ ಬದಲು ಬಂದದ್ದು 'ಯುನಿಟಾಮ್ಸ್' ಎಂಬ ರಾಜಕೀಯ ನಿಯೋಗ. ಇದರಲ್ಲಿ ಸೈನಿಕರಿರಲಿಲ್ಲ. ಸಂವಿಧಾನ ಬರೆಯಲು, ಚುನಾವಣೆ ನಡೆಸಲು, ಮಾನವ ಹಕ್ಕುಗಳ ಮೇಲೆ ಕಣ್ಣಿಡಲು ನೆರವು ಕೊಡುವುದು ಇದರ ಕೆಲಸ. ಒಳ್ಳೆಯ ಉದ್ದೇಶವೇ. ಆದರೆ ಆತಿಥೇಯ ಸರ್ಕಾರ ಬೇಡ ಅಂದರೆ ಇಂತಹ ನಿಯೋಗಕ್ಕೆ ಉಳಿಯಲು ನೆಲವಿಲ್ಲ. ಯುದ್ಧ ಶುರುವಾದ ಮೇಲೆ 2023ರ ಜೂನ್‌ನಲ್ಲಿ ನಿಯೋಗದ ಮುಖ್ಯಸ್ಥ ವೋಲ್ಕರ್ ಪರ್ಥಿಸ್ ಅವರನ್ನು ಸುಡಾನ್ ಸರ್ಕಾರ ದೇಶಕ್ಕೆ ಬೇಡವಾದ ವ್ಯಕ್ತಿ ಎಂದು ಸಾರಿತು. ಡಿಸೆಂಬರ್ 1ರಂದು ಭದ್ರತಾ ಮಂಡಳಿ ನಿಯೋಗವನ್ನೇ ಮುಚ್ಚಿತು. ಅಂದರೆ ಜನ ಅತಿ ಹೆಚ್ಚು ಸಾಯುತ್ತಿದ್ದ ಹೊತ್ತಿಗೆ ಅಲ್ಲಿ ಶಾಂತಿಪಡೆಯೂ ಇಲ್ಲ, ರಾಜಕೀಯ ನಿಯೋಗವೂ ಇಲ್ಲ.

ಸಂಧಾನವೂ ನಡೆಯಿತು. ಸೌದಿ ಅರೇಬಿಯ ಮತ್ತು ಅಮೆರಿಕ ಎರಡೂ ಪಕ್ಷಗಳನ್ನು ಜಿದ್ದಾದಲ್ಲಿ ಕೂರಿಸಿದವು. ನಾಗರಿಕರಿಗೆ ಕೇಡು ಮಾಡುವುದಿಲ್ಲ, ಆಸ್ಪತ್ರೆಗಳನ್ನು ಖಾಲಿ ಮಾಡುತ್ತೇವೆ, ಆಹಾರದ ಲಾರಿಗಳನ್ನು ಬಿಡುತ್ತೇವೆ ಅಂತ 2023ರ ಮೇ 11ರಂದು ಇಬ್ಬರೂ ಸಹಿ ಹಾಕಿದರು. ಈ ಒಪ್ಪಂದದಲ್ಲಿ ಒಂದು ಬಿಟ್ಟು ಎಲ್ಲ ಇತ್ತು. ಮಾತು ಮುರಿದವನಿಗೆ ಏನು ಶಿಕ್ಷೆ ಎಂಬುದು ಮಾತ್ರ ಇರಲಿಲ್ಲ. ಮುಂದಿನ ವರ್ಷ ರಮಝಾನ್ ಹತ್ತಿರ ಬಂದಾಗ, ಈ ಒಂದು ತಿಂಗಳಾದರೂ ಬಂದೂಕು ಇಳಿಸಿ ಎಂದು ಭದ್ರತಾ ಮಂಡಳಿ ನಿರ್ಣಯ ಮಾಡಿತು. ಯಾರೂ ಇಳಿಸಲಿಲ್ಲ. 2024ರ ಜೂನ್ 13ರಂದು 2736ನೇ ನಿರ್ಣಯ ಬಂತು. ಅದು ಅಲ್ ಫಾಶಿರ್ ಮುತ್ತಿಗೆ ನಿಲ್ಲಿಸಿ ಎಂದು ಹೆಸರು ಹಿಡಿದೇ ಹೇಳಿತು. ಹದಿನಾಲ್ಕು ದೇಶ ಪರ, ರಷ್ಯಾ ತಟಸ್ಥ. ಮುತ್ತಿಗೆ ಇನ್ನೂ ಹದಿನಾರು ತಿಂಗಳು ನಡೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಬ್ರಿಟನ್ ಮತ್ತು ಸಿಯೆರಾ ಲಿಯೋನ್ ತಂದ ಇನ್ನೊಂದು ಕರಡನ್ನು ರಷ್ಯಾ ವೀಟೋ ಮಾಡಿತು.

ಬಂದೂಕು ಎಲ್ಲಿಂದ ಬರುತ್ತದೆ? ಇದೇ ಮೂಲ ಪ್ರಶ್ನೆ. ದಾರ್ಫುರ್‌ಗೆ ಆಯುಧ ಕಳಿಸಬಾರದು ಎಂಬ ವಿಶ್ವಸಂಸ್ಥೆಯ ನಿಷೇಧ 2004ರಿಂದಲೇ ಇದೆ. ಆದರೆ ಅದು ದಾರ್ಫುರ್‌ಗೆ ಮಾತ್ರ, ಇಡೀ ಸುಡಾನ್‌ಗೆ ಅಲ್ಲ. ಮನೆಯ ಒಂದು ಕೋಣೆಗೆ ಬೀಗ ಹಾಕಿ ಉಳಿದ ಬಾಗಿಲುಗಳನ್ನು ತೆರೆದಿಟ್ಟ ಹಾಗೆ. ಸಂಯುಕ್ತ ಅರಬ್ ಸಂಸ್ಥಾನದಿಂದ ಚಾಡ್ ದೇಶದ ಮೂಲಕ ಆರ್‌ಎಸ್‌ಎಫ್‌ಗೆ ಆಯುಧ ಹೋಗುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರ ಜನವರಿಯ ವರದಿಯಲ್ಲಿ ಹೇಳಿತು. ಯುಎಇ ಇದನ್ನು ನಿರಾಕರಿಸುತ್ತಲೇ ಬಂದಿದೆ. ಸುಡಾನ್ ಸರ್ಕಾರ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಕೊಂಡೊಯ್ದಾಗ, ಈ ದೂರು ಕೇಳುವ ಅಧಿಕಾರ ನಮಗಿಲ್ಲ ಎಂದು ಅದು 2025ರ ಮೇ 5ರಂದು ಕೈಬಿಟ್ಟಿತು. ಇನ್ನೊಂದು ಕಡೆ ಸೈನ್ಯಕ್ಕೆ ಈಜಿಪ್ಟ್, ಇರಾನ್, ಟರ್ಕಿ ಕಡೆಯಿಂದ ನೆರವು ಸಿಕ್ಕ ವರದಿಗಳಿವೆ. ಸುಡಾನ್‌ನ ಚಿನ್ನದ ಬಹುಪಾಲು ಹೋಗುವುದು ದುಬೈ ಮಾರುಕಟ್ಟೆಗೆ. ವಿಚಿತ್ರ ನೋಡಿ, 2025ರ ಸೆಪ್ಟೆಂಬರ್‌ನಲ್ಲಿ ಕದನ ವಿರಾಮದ ಯೋಜನೆ ಮುಂದಿಟ್ಟ ನಾಲ್ಕು ದೇಶಗಳು ಅಮೆರಿಕ, ಸೌದಿ, ಈಜಿಪ್ಟ್ ಮತ್ತು ಯುಎಇ. ಪಂಚಾಯಿತಿಗೆ ಕೂತವರಲ್ಲೇ ಕೆಲವರು ಒಂದೊಂದು ಪಕ್ಷದ ಬೆನ್ನಿಗೆ ನಿಂತವರು ಎಂಬ ಆರೋಪ ಇದ್ದರೆ ನ್ಯಾಯ ಎಷ್ಟು ಬೇಗ ಬಂದೀತು?

ಹಾಗಂತ ಎಲ್ಲವೂ ವ್ಯರ್ಥ ಅನ್ನುವುದು ಸರಿಯಲ್ಲ. 2023ರ ಅಕ್ಟೋಬರ್ 11ರಂದು ಮಾನವ ಹಕ್ಕು ಮಂಡಳಿ ಸತ್ಯಶೋಧನಾ ನಿಯೋಗವೊಂದನ್ನು ನೇಮಿಸಿತು. 19 ಮತ ಪರ, 16 ವಿರೋಧ, 12 ತಟಸ್ಥ. ಕೂದಲೆಳೆಯಲ್ಲಿ ಗೆದ್ದದ್ದು. ತಾಂಜಾನಿಯಾದ ಮಾಜಿ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಚಾಂದೆ ಉಸ್ಮಾನ್ ಅದರ ಅಧ್ಯಕ್ಷರು. ಎರಡೂ ಕಡೆಯವರು ಯುದ್ಧಾಪರಾಧ ಮಾಡಿದ್ದಾರೆ ಎಂದು ಅವರು 2024ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ನಾಗರಿಕರನ್ನು ಕಾಯಲು ಸ್ವತಂತ್ರ ಪಡೆ ಬೇಕು, ಆಯುಧ ನಿಷೇಧ ಇಡೀ ದೇಶಕ್ಕೆ ಆಗಬೇಕು ಅಂತ ಸಲಹೆ ಕೊಟ್ಟರು. ಸುಡಾನ್ ಸರ್ಕಾರ ಒಪ್ಪಲಿಲ್ಲ. ಭದ್ರತಾ ಮಂಡಳಿ ಎರಡನ್ನೂ ಜಾರಿಗೆ ತರಲಿಲ್ಲ. ಈ ಸಲಹೆ ಬಂದಾಗ ಅಲ್ ಫಾಶಿರ್ ಇನ್ನೂ ಬಿದ್ದಿರಲಿಲ್ಲ ಎಂಬುದನ್ನು ನೆನಪಿಡಿ.

ನ್ಯಾಯಾಲಯದ ಕತೆಯೂ ಹೀಗೆಯೇ. ದಾರ್ಫುರ್ ವಿಚಾರವನ್ನು ಭದ್ರತಾ ಮಂಡಳಿ 2005ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿತು. 2009ರ ಮಾರ್ಚ್ 4ರಂದು ಬಶೀರ್ ಮೇಲೆ ವಾರಂಟ್ ಹೊರಟಿತು. ಆದರೆ ಆ ಕೋರ್ಟಿಗೆ ಸ್ವಂತ ಪೊಲೀಸರಿಲ್ಲ. ಆರೋಪಿಯನ್ನು ಹಿಡಿದು ಕೊಡಬೇಕಾದವರು ದೇಶಗಳು. 2015ರ ಜೂನ್‌ನಲ್ಲಿ ಬಶೀರ್ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆರಾಮವಾಗಿ ವಾಪಸಾದ. ಅದೇ ಅಕ್ಟೋಬರ್‌ನಲ್ಲಿ ಭಾರತ–ಆಫ್ರಿಕಾ ಶೃಂಗಸಭೆಗೆ ದೆಹಲಿಗೂ ಬಂದ. ನಾವು ಆ ನ್ಯಾಯಾಲಯದ ಸದಸ್ಯರಲ್ಲ, ಹಾಗಾಗಿ ಕಾನೂನು ಪ್ರಕಾರ ನಮ್ಮದು ತಪ್ಪಿಲ್ಲ ಅನ್ನಬಹುದು. ಕಾನೂನು ಪ್ರಕಾರ.

ಜಂಜಾವೀದ್ ನಾಯಕ ಅಲಿ ಕುಶೈಬ್ ಮಾತ್ರ 2020ರಲ್ಲಿ ಶರಣಾದ. 2003–04ರ ಅಪರಾಧಗಳಿಗೆ 2025ರ ಅಕ್ಟೋಬರ್ 6ರಂದು ಅವನನ್ನು ದೋಷಿ ಎಂದು ಸಾರಿದರು. ಡಿಸೆಂಬರ್‌ನಲ್ಲಿ ಇಪ್ಪತ್ತು ವರ್ಷದ ಶಿಕ್ಷೆ ಆಯಿತು. ಇಪ್ಪತ್ತೊಂದು ವರ್ಷ ಕಾದ ಹೆಂಗಸರು ಸಾಕ್ಷಿ ಹೇಳಿದ್ದು ಸಣ್ಣ ಮಾತಲ್ಲ. ಆದರೆ ದಿನಾಂಕ ನೋಡಿ. ಈ ತೀರ್ಪು ಬಂದ ಇಪ್ಪತ್ತನೇ ದಿನಕ್ಕೆ ಅಲ್ ಫಾಶಿರ್ ಬಿತ್ತು. ಒಳಗೆ ನುಗ್ಗಿದ ಆರ್‌ಎಸ್‌ಎಫ್ 2013ರಲ್ಲಿ ಹುಟ್ಟಿದ್ದು ಅದೇ ಜಂಜಾವೀದ್ ಗುಂಪುಗಳಿಂದ. ಬಶೀರ್ ಅವರಿಗೆ ಸಮವಸ್ತ್ರ ಮತ್ತು ಸಂಬಳ ಕೊಟ್ಟ. ಆಗಲೇ ಶಿಕ್ಷೆ ಆಗಿದ್ದರೆ ಈ ಪಡೆ ಇಷ್ಟು ಬೆಳೆಯುತ್ತಿತ್ತೇ?

ಇನ್ನು ಅನ್ನದ ವಿಷಯ. ಒಂದು ಕೋಟಿ ಇಪ್ಪತ್ತು ಲಕ್ಷದಷ್ಟು ಜನ ಮನೆ ಬಿಟ್ಟು ಓಡಿದರು. ಅಲ್ ಫಾಶಿರ್ ಪಕ್ಕದ ಝಂಝಂ ಶಿಬಿರದಲ್ಲಿ ಕ್ಷಾಮ ಬಂದಿದೆ ಎಂದು 2024ರ ಆಗಸ್ಟ್‌ನಲ್ಲಿ ತಜ್ಞರು ಅಧಿಕೃತವಾಗಿ ಘೋಷಿಸಿದರು. ಆ ವರ್ಷ ಚಾಡ್ ಗಡಿಯ ಅದ್ರೆ ದಾರಿಯನ್ನು ಸೈನ್ಯದ ಸರ್ಕಾರ ಫೆಬ್ರವರಿಯಿಂದ ಆಗಸ್ಟ್ ತನಕ ಮುಚ್ಚಿತ್ತು. ಮುತ್ತಿಗೆ ಹಾಕಿದವನು ಆರ್‌ಎಸ್‌ಎಫ್, ದಾರಿ ಮುಚ್ಚಿದವನು ಸೈನ್ಯ. ನಡುವೆ ಸಿಕ್ಕಿದ್ದು ಮಗುವಿನ ಹೊಟ್ಟೆ. 2025ರಲ್ಲಿ ವಿಶ್ವಸಂಸ್ಥೆ ಕೇಳಿದ ನೆರವಿನ ಹಣದಲ್ಲಿ ಅರ್ಧವೂ ಸೇರಲಿಲ್ಲ.

ಇಷ್ಟೆಲ್ಲದರ ನಡುವೆ ಯಾರು ಊಟ ಹಾಕಿದರು? ಅಲ್ಲಿನ ಮೊಹಲ್ಲಾದ ಹುಡುಗ ಹುಡುಗಿಯರು. ಬಶೀರ್ ವಿರುದ್ಧ ಬೀದಿಗಿಳಿದಿದ್ದ ಅದೇ ತಲೆಮಾರು. 'ತುರ್ತು ಕೋಣೆ' ಎಂಬ ಹೆಸರಿನಲ್ಲಿ ಪ್ರತಿ ಬಡಾವಣೆಯಲ್ಲಿ ಒಂದೊಂದು ಗುಂಪು ಕಟ್ಟಿಕೊಂಡರು. ಸಾಮೂಹಿಕ ಅಡುಗೆಮನೆ ನಡೆಸಿದರು, ಗಾಯಾಳುಗಳನ್ನು ಸಾಗಿಸಿದರು. ಇದಕ್ಕೆ ಅವರಲ್ಲಿ ಹಳೆಯ ಹೆಸರೊಂದಿದೆ, 'ನಫೀರ್'. ಒಬ್ಬನ ಹೊಲದ ಕೆಲಸಕ್ಕೆ ಊರೆಲ್ಲ ಕೈ ಜೋಡಿಸುವುದು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಬಲ್ಲವರಿಗೆ ವಿವರಿಸಿ ಹೇಳಬೇಕಿಲ್ಲ. 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಇವರಿಗೆ ಬಂತು. ವಿಪರ್ಯಾಸ ಏನೆಂದರೆ ಅದೇ ವರ್ಷದ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದ್ದರಿಂದ ಇಂತಹ ನೂರಾರು ಅಡುಗೆಮನೆಗಳ ಒಲೆ ಆರಿತು. ಪ್ರಶಸ್ತಿ ಫಲಕದಲ್ಲಿ ಗಂಜಿ ಬೇಯುವುದಿಲ್ಲ.

ನಮಗೂ ಸುಡಾನ್‌ಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ನಾನು ಬದುಕು ಕಟ್ಟಿಕೊಂಡಿರುವ ಶಿರೂರು ಪುಣೆ ಜಿಲ್ಲೆಯದ್ದು. ಇದೇ ಜಿಲ್ಲೆಯ ಖಡಕ್‌ವಾಸ್ಲಾದಲ್ಲಿ ನಮ್ಮ ಸೇನಾಧಿಕಾರಿಗಳು ತರಬೇತಿ ಪಡೆಯುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಅದರ ಮುಖ್ಯ ಕಟ್ಟಡದ ಹೆಸರೇ 'ಸುಡಾನ್ ಬ್ಲಾಕ್'. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯದಿಂದ ಸುಡಾನ್ ಅನ್ನು ಕಾಯಲು ಭಾರತದ ಸೈನಿಕರು ಪ್ರಾಣ ಕೊಟ್ಟರು. ಅವರ ನೆನಪಿಗೆ ಸುಡಾನ್ 1941ರಲ್ಲಿ ಒಂದು ಲಕ್ಷ ಪೌಂಡ್ ಕೊಟ್ಟಿತು. ದೇಶ ವಿಭಜನೆಯ ನಂತರ ಭಾರತದ ಪಾಲಿಗೆ ಬಂದ 70 ಸಾವಿರ ಪೌಂಡ್‌ನಲ್ಲಿ ಈ ಕಟ್ಟಡ ಎದ್ದಿತು. ಇನ್ನೂ ಒಂದಿದೆ. 1953ರಲ್ಲಿ ಸುಡಾನ್‌ನ ಮೊದಲ ಸಂಸದೀಯ ಚುನಾವಣೆ ನಡೆಸಿಕೊಟ್ಟ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ದೇಶ ದೇಶಗಳ ನಡುವಿನ ಸಹಾಯ ಅಂದರೆ ದೊಡ್ಡ ಶಕ್ತಿಗಳ ದಾನ ಮಾತ್ರ ಅಲ್ಲ. ಬಡ ದೇಶಗಳೂ ಪರಸ್ಪರ ಕೊಟ್ಟು ತೆಗೆದುಕೊಂಡದ್ದಿದೆ.

ಕೊನೆಗೆ ನಮ್ಮವರ ಬಗ್ಗೆ ಒಂದು ಮಾತು. ಫೆಲೆಸ್ತೀನ್‌ಗಾಗಿ ನಮ್ಮ ಮಸೀದಿಗಳಲ್ಲಿ ದುಆ ನಡೆಯುತ್ತದೆ, ಸಭೆಗಳಾಗುತ್ತವೆ, ಲೇಖನಗಳು ಬರುತ್ತವೆ. ಆಗಲೇಬೇಕು. ಸುಡಾನ್ ಬಗ್ಗೆ ಮಾತ್ರ ನಾವು ಪಿಸುಗುಡುವುದೂ ಕಡಿಮೆ. ಕೊಲ್ಲುವವನೂ ಕೊಲೆಯಾಗುವವನೂ ಮುಸ್ಲಿಮನೇ ಆದಾಗ ಯಾರ ವಿರುದ್ಧ ಘೋಷಣೆ ಕೂಗುವುದು ಎಂಬ ಗೊಂದಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫ್ ದುಡಿಮೆಯಿಂದ. ಆ ಋಣ ನಿಜ. ಆದರೆ ಋಣ ಇದೆ ಅಂತ ಕಣ್ಣು ಮುಚ್ಚಿದರೆ, ಬೇರೆಯವರು ತಮ್ಮ ಲಾಭಕ್ಕಾಗಿ ಫೆಲೆಸ್ತೀನ್ ವಿಷಯದಲ್ಲಿ ಕಣ್ಣು ಮುಚ್ಚುತ್ತಾರೆ ಎಂದು ದೂರುವ ಬಾಯಿ ನಮಗೆ ಉಳಿಯುವುದಿಲ್ಲ. ಅನ್ಯಾಯ ಮಾಡಿದವನು ಸ್ವಂತ ಬಂಧುವಾದರೂ ಸತ್ಯದ ಪರ ಸಾಕ್ಷಿ ಹೇಳಬೇಕು ಎಂಬ ಪಾಠ ನಮಗೆ ಹೊಸದಲ್ಲ.

ಕೇಳಬೇಕಾದ್ದು ಏನು ಎಂಬುದು ಈಗಾಗಲೇ ಸ್ಪಷ್ಟವಾಗಿದೆ. ಆಯುಧ ನಿಷೇಧ ಇಡೀ ಸುಡಾನ್‌ಗೆ ಆಗಲಿ. ಕಳಿಸುವ ದೇಶ ಯಾವುದೇ ಇರಲಿ, ಅದರ ಹೆಸರು ಹೇಳುವ ಧೈರ್ಯ ವಿಶ್ವಸಂಸ್ಥೆಗೆ ಬರಲಿ. ಆಹಾರದ ಲಾರಿಗೆ ಎರಡೂ ಕಡೆಯವರು ದಾರಿ ಬಿಡಲಿ. ಹಣ ದೊಡ್ಡ ಕಚೇರಿಗಳಲ್ಲಿ ಸುತ್ತದೆ ಮೊಹಲ್ಲಾದ ಅಡುಗೆಮನೆ ತಲುಪಲಿ. ಸತ್ಯಶೋಧನಾ ನಿಯೋಗದ ಅವಧಿ ಮುಂದುವರಿಯಲಿ, ಯಾಕೆಂದರೆ ಈಗ ಬರೆದಿಟ್ಟ ಸಾಕ್ಷ್ಯ ಇಲ್ಲದೆ ಮುಂದೆ ಯಾವ ಕುಶೈಬ್‌ಗೂ ಶಿಕ್ಷೆಯಾಗದು. ಶಾಂತಿಪಡೆಗಳಿಗೆ ದಶಕಗಳಿಂದ ಸೈನಿಕರನ್ನು ಕಳಿಸುತ್ತ ಬಂದ ಭಾರತಕ್ಕೆ ಈ ಮಾತು ಆಡುವ ಹಕ್ಕಿದೆ. ಆಡಿ ಎಂದು ನಮ್ಮ ಸಂಸದರನ್ನು ಕೇಳುವ ಹಕ್ಕು ನಮಗಿದೆ. ಹುಣಸೂರಿನ ಎಣ್ಣೆ ಮಾರುವವನನ್ನು ಕರೆತರಲು 2023ರಲ್ಲಿ ಸರ್ಕಾರ ಎರಡು ವಾರ ನಿದ್ದೆಗೆಟ್ಟದ್ದು ನಾವು ಗದ್ದಲ ಮಾಡಿದ್ದರಿಂದಲೂ ಹೌದು. ಆ ಎಣ್ಣೆ ಕೊಂಡವನಿಗಾಗಿ ಯಾರಾದರೂ ಒಂದಿಷ್ಟು ಗದ್ದಲ ಮಾಡಬೇಕಲ್ಲವೇ?